ಊರಿಗಾಂನಲ್ಲಿ ಪಿಯಾನೊ ಕೇಳಿ ಬಂದದ್ದು

ಹೊಲಿಗೆ ಮೆಷೀನು ರಿಪೇರಿಯವನಿಗೆ ಪಿಯಾನೊ ಯಾಕೆ
ಎಂದು ಮುಳಬಾಗಿಲಿನಲ್ಲಿ ಕೇಳದವರಿಲ್ಲ.
ಕೇಳಲಿ. ಮೂವತ್ತು ವರ್ಷದ ಹಿಂದೆ
ಒಂದು ಹಳೇ ಮೆಷೀನಿನ ಡ್ರಾಯರಿನಲ್ಲಿ
ಬಾಬಿನ್ನು, ತುಕ್ಕು ಸೂಜಿ, ಒಂಟಿ ಗುಂಡಿಗಳ ನಡುವೆ
ಹೆಸರಿಲ್ಲದ ಕ್ಯಾಸೆಟ್ಟು ಸಿಕ್ಕಿತ್ತು.
ವಾಪಸು ಕೊಡಲು ಹೋದರೆ
ಟೀಚರಮ್ಮನಿಗೆ ವರ್ಗವಾಗಿತ್ತು.
ಅವತ್ತು ಅಂಟಿದ್ದು.

ಇದೇ ಚಟಕ್ಕೆ ಊರೂರು ತಿರುಗಿದ್ದೇನೆ.
ಪುದುಚೇರಿಯಲ್ಲಿ ಏನು ಕೇಳಿದೆನೋ ಮರೆತಿದೆ,
ಆ ಮೀನಿನ ಸಾರಿನ ಹುಳಿ ಮರೆತಿಲ್ಲ.
ಮದರಾಸಿನಲ್ಲಿ ಟಿಕೆಟ್ಟಿಲ್ಲದೆ ಹೊರಗೆ ನಿಂತು
ಗೋಡೆಯಾಚೆಯ ರಷ್ಯದವನನ್ನು ಕೇಳಿಸಿಕೊಂಡೆ,
ಕೈಯಲ್ಲಿ ಸುಂಡಲ್ ಪೊಟ್ಟಣ;
ಅಗಿದರೆ ಸ್ವರ ತಪ್ಪಿಹೋದೀತೆಂದು
ಕಡಲೆಯನ್ನು ದವಡೆಯಲ್ಲೇ ಇಟ್ಟುಕೊಂಡಿದ್ದೆ ಅರ್ಧ ಗಂಟೆ.
ಹೆಂಡತಿ ಹೇಳುತ್ತಾಳೆ: ನೀವು ಹೋಗೋದು ತಿನ್ನೋಕೆ,
ಸಂಗೀತ ಬರೀ ನೆಪ.
ಇರಬಹುದು.

ಈ ಸಲ ದೂರವಲ್ಲ, ಬೇತಮಂಗಲದ ಮೇಲೆ ಹೋಗುವ ಬಸ್ಸು.
ಹೊರಡುವ ಮುಂಚೆ ಎರಡು ದೋಸೆ, ನಮ್ಮೂರಿನದು:
ತಳ ಕೆಂಪಗೆ ಗರಿ, ಒಳಗೆ ಮೆತ್ತಗೆ,
ತುಪ್ಪ ಮೊಣಕೈವರೆಗೂ ಇಳಿಯಬೇಕು.
ಕೆರೆ ಏರಿ ದಾಟಿ ಸ್ವಲ್ಪ ಹೊತ್ತಿಗೆ
ಸೈನೈಡ್ ದಿಬ್ಬಗಳು ಬಂದವು,
ಯಾರೋ ಹಿಟ್ಟು ಜರಡಿ ಹಿಡಿದು ಮರೆತು ಹೋದ ಹಾಗೆ.

ಊರಿಗಾಂನ ಹಳೇ ಹಾಲು. ಮರದ ನೆಲ.
ಪ್ಲಾಸ್ಟಿಕ್ ಕುರ್ಚಿ ನಲವತ್ತು, ಜನ ಹತ್ತೊಂಬತ್ತು.
ಕಂಪನಿ ಕಾಲದ ಪಿಯಾನೊ, ಮುಚ್ಚಳದ ಮೇಲೆ
ಯಾರ್ಯಾರೋ ಲೋಟ ಇಟ್ಟ ಉಂಗುರದ ಗುರುತು.
ಮಿಸ್ ಥೆಲ್ಮಾ ರೊಜಾರಿಯೊ, ಎಪ್ಪತ್ತೆಂಟು,
ಮೊದಲು ತಮಿಳಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು:
"ಎಡಗಡೆ ಕೊನೇ ನಾಲ್ಕು ಮನೆ ಮಾತಾಡಲ್ಲ.
ರಿಪೇರಿಗೆ ದುಡ್ಡಿಲ್ಲ. ನಾನು ಒತ್ತೋದು ಒತ್ತುತ್ತೀನಿ.
ನೀವೇ ಕೇಳಿಸ್ಕೊಳ್ಳಿ."

ಎಲ್ಲರೂ ಕೈ ನೋಡುತ್ತಾರೆ. ನನಗೆ ಪೆಡಲು.
ಪಕ್ಕಕ್ಕೆ ಕೂತೆ, ಕಾಲು ಕಾಣುವ ಕಡೆ.
ಚಪ್ಪಲಿ ಬಿಚ್ಚಿಟ್ಟ ಬರಿಗಾಲು,
ಮಲಗಿದ ಮಗುವಿನ ಎದೆ ತಟ್ಟುವಷ್ಟೇ ಭಾರ.
ನಮ್ಮ ಪೆಡಲು ಬಟ್ಟೆಯನ್ನು ಮುಂದಕ್ಕೆ ನೂಕುತ್ತದೆ,
ಇದು ಹೊರಟುನಿಂತದ್ದನ್ನು ಒಂದು ಗಳಿಗೆ ಸೆರಗು ಹಿಡಿದು ನಿಲ್ಲಿಸುತ್ತದೆ.
ಮೊದಮೊದಲು ನಾನೂ ಹುಡುಕುತ್ತಿದ್ದೆ, ಇದು ಯಾವ ರಾಗದ ನೆರಳೆಂದು.
ಈಗ ಬಿಟ್ಟಿದ್ದೇನೆ,
ಪರವೂರಿನ ಎಲೆಯಲ್ಲಿ ನಮ್ಮನೆ ಬಸ್ಸಾರು ಹುಡುಕುವುದ ಬಿಟ್ಟ ಹಾಗೆ.

ಮೂರನೆಯದರಲ್ಲಿ ಎಡಗೈ ಇಳಿಯಿತು. ಇನ್ನೂ ಇಳಿಯಿತು.
ಟಕ್, ಬರೀ ಮರ.
ಟಕ್.
ಪಕ್ಕದ ಅರುಳಪ್ಪ ಕುರ್ಚಿಯ ಕೈ ಬಿಗಿಹಿಡಿದ.

ಚಹಾದ ಹೊತ್ತಿಗೆ (ಶುಂಠಿ ಜಾಸ್ತಿ, ಬನ್ನು ನೆನ್ನೆಯದು)
ಅವನೇ ಹೇಳಿದ: "ಚಾಂಪಿಯನ್ನಲ್ಲಿ ಇದ್ದೆ ಸಾರ್, ಇಪ್ಪತ್ತಾರು ವರ್ಷ.
ಕೆಳಗೆ ಬಂಡೆ ಸಿಡಿಯೋ ಮುಂಚೆ ಹಿಂಗೇ,
ಕಿವಿಗೆ ಬರಲ್ಲ, ಅಂಗಾಲಿಗೆ ಬರುತ್ತೆ.
ಗಣಿ ಮುಚ್ಚಿದ ಮೇಲೆ ಇವತ್ತೇ ಬಂದಿದ್ದು."
ಬನ್ನನ್ನು ಚಹಾದಲ್ಲಿ ಅದ್ದಿ
ಅದು ಮುರಿದು ಮುಳುಗುವುದನ್ನು ನೋಡುತ್ತ ಕೂತ.

ಎಲ್ಲರೂ ಹೋದ ಮೇಲೆ ಮುಚ್ಚಳ ಎತ್ತಿ ಇಣುಕಿದೆ.
ತಂತಿ ಗಟ್ಟಿಯಾಗಿದೆ. ಸುತ್ತಿಗೆಯ ಉಣ್ಣೆಯನ್ನಷ್ಟೇ ನುಸಿ ತಿಂದಿದೆ.
ನನ್ನ ಕೈಲಾಗುವ ಕೆಲಸ, ಒಂದು ಸಂಜೆಯದು,
ಹೆಚ್ಚೆಂದರೆ ಇನ್ನೂರು ರೂಪಾಯಿ.
ಹೇಳಬೇಕೆಂದು ತಿರುಗಿದೆ;
ಮಿಸ್ ಥೆಲ್ಮಾ ಚಪ್ಪಲಿಗಾಗಿ ಕಾಲಲ್ಲೇ ತಡಕಾಡುತ್ತಿದ್ದರು.
ಬಗ್ಗಿ ಹತ್ತಿರ ಸರಿಸಿಕೊಟ್ಟೆ. ಹೇಳಲಿಲ್ಲ.

ಕೊನೇ ಬಸ್ಸು ಹೋಗಿತ್ತು. ಬೇಕೆಂದೇ ಬಿಟ್ಟೆ ಅನ್ನುತ್ತಾಳೆ ಮನೆಯವಳು.
ರೈಲು ಹತ್ತಿ ಬಂಗಾರಪೇಟೆಗೆ ಬಂದು
ಗಾಡಿಯ ಮುಂದೆ ದೊನ್ನೆ ಹಿಡಿದು ನಿಂತೆ.
ಇಲ್ಲಿಯ ಪಾನಿಗೆ ಬಣ್ಣವಿಲ್ಲ,
ಕೊಳಾಯಿ ನೀರೇ ಅನ್ನಬೇಕು.
ನುಂಗಿದ ಮೇಲೆ ಗೊತ್ತಾಗುವುದು.

ಅಂಗಡಿಯಲ್ಲಿ ಹಸಿರು ಉಣ್ಣೆಬಟ್ಟೆಯ ತುಂಡೊಂದಿದೆ,
ನಾಲ್ಕು ಸುತ್ತಿಗೆಗೆ ಸಾಕು.
ಅಳತೆ ಹಾಕಿ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ.
ಕತ್ತರಿ ಇನ್ನೂ ಮೊಳೆಯಲ್ಲೇ ಇದೆ.